ಮಗ್ಗದ ಮನೆಗೆ ಯಾವ ಪ್ರೊಸೆಸರ್?

"ದೊಡ್ಡಪ್ಪಂದು ತಗೊಳ್ಳಲೋ, ಕಾಕಾಂದು ತಗೊಳ್ಳಲೋ, ಅಷ್ಟ ಹೇಳು ತಂಗಿ. ಉಳಿದದ್ದು ನಾ ನೋಡ್ಕೋತೇನಿ."

ರಬಕವಿಯಿಂದ ಬಂದಿದ್ದ ಅಕ್ಕ ನನ್ನ ಕೌಂಟರಿನ ಮುಂದೆ ನಿಂತು ಹೀಗೆ ಕೇಳಿದಾಗ ಅವರ ಹಳೆಯ ಕಂಪ್ಯೂಟರ್ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಅದರ ಬೋರ್ಡು ಸುಟ್ಟಿತ್ತು. ನಾನು ಎರಡು ಸಲ ನೋಡಿ, ಮೂರನೇ ಸಲ ಅವರ ಸಮಾಧಾನಕ್ಕೆಂದು ನೋಡಿ, ಇನ್ನು ಇದು ಏಳುವುದಿಲ್ಲ ಎಂದು ಹೇಳಿಬಿಟ್ಟಿದ್ದೆ.

ಜಮಖಂಡಿಯಲ್ಲಿ ನನ್ನದು ಲ್ಯಾಪ್‌ಟಾಪ್ ರಿಪೇರಿ ಕೆಲಸ. ಪ್ರೊಸೆಸರ್ ಮಾಡುವ ಎರಡು ದೊಡ್ಡ ಕಂಪನಿಗಳನ್ನು ನಮ್ಮ ಓಣಿಯ ಅಂಗಡಿಗಳಲ್ಲಿ ಅವುಗಳ ಸ್ವಂತ ಹೆಸರಿನಿಂದ ಕರೆಯುವವರು ಕಡಿಮೆ. ಮೊದಲಿನಿಂದ ಗಟ್ಟಿಯಾಗಿ ಕುಳಿತಿದ್ದ ಕಂಪನಿ ದೊಡ್ಡಪ್ಪ. ಅದರ ಎದುರು ತೊಡೆ ತಟ್ಟಿ ಬೆಳೆದದ್ದು ಕಾಕಾ. ಮಾಡುವ ಕೆಲಸ ಒಂದೇ, ಸೊಕ್ಕೂ ಒಂದೇ, ಆದರೆ ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ ಮುಖ ಕೊಟ್ಟು ಮಾತಾಡುವುದಿಲ್ಲ. ಯಾರು ಮೊದಲು ಹೀಗೆ ಕರೆದರೋ ಗೊತ್ತಿಲ್ಲ, ಈಗ ಗಿರಾಕಿಗಳೂ ಹಾಗೇ ಕೇಳುತ್ತಾರೆ. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ಈ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕೇಳಿದವರ ಮೇಲಲ್ಲ, ಅದಕ್ಕೆ ಫಟ್ಟನೆ ಉತ್ತರ ಕೊಡುವವರ ಮೇಲೆ. ವೀಡಿಯೊದಲ್ಲಿ ಒಬ್ಬ ಅಂಕಿ ತೋರಿಸುತ್ತಾನೆ, ಇನ್ನೊಬ್ಬ ಅದಕ್ಕಿಂತ ದೊಡ್ಡ ಅಂಕಿ ತೋರಿಸುತ್ತಾನೆ, ನೋಡಿದವರು ನನ್ನ ಕೌಂಟರಿಗೆ ಬಂದು ವಾದ ಮಾಡುತ್ತಾರೆ. ಆದ್ದರಿಂದ ನಾನು ಅಕ್ಕನಿಗೆ ಉತ್ತರ ಕೊಡಲಿಲ್ಲ. ಕುರ್ಚಿ ಕೊಟ್ಟು, ಏನು ಕೆಲಸ ಮಾಡುತ್ತೀರಿ, ಎಲ್ಲಿ ಕೂತು ಮಾಡುತ್ತೀರಿ ಎಂದು ಕೇಳಿದೆ.

ಅವರು ಸೀರೆಯ ಡಿಸೈನ್ ಬರೆಯುವವರು. ಜಕಾರ್ಡ್ ಮಗ್ಗದ ಸೆರಗಿನಲ್ಲಿ ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬರೆದು ಮಗ್ಗಕ್ಕೆ ಕೊಡುವ ಕೆಲಸ. ಬನಹಟ್ಟಿಯ ಒಂದು ಡಿಸೈನ್ ಅಂಗಡಿಯಲ್ಲಿ ಬಹಳ ವರ್ಷ ಸಂಬಳಕ್ಕಿದ್ದರು. ಅಲ್ಲಿ ಅವರು ಬರೆದದ್ದೆಲ್ಲ ಮಾಲಕರ ಹೆಸರಿನಲ್ಲಿ ಪೇಟೆಗೆ ಹೋಗುತ್ತಿತ್ತು. ಈಗ ಅದನ್ನು ಬಿಟ್ಟು ಮನೆಯಲ್ಲೇ ಸ್ವಂತ ಕೆಲಸ ಶುರು ಮಾಡಿದ್ದರು. ಹುಬ್ಬಳ್ಳಿಯ ಒಬ್ಬ ಸೀರೆ ವ್ಯಾಪಾರಿ ಇವರ ಸೆರಗೊಂದನ್ನು ಮೆಚ್ಚಿ ಒಂದು ಷರತ್ತು ಹಾಕಿದ್ದ. ಆ ಸೀರೆಯನ್ನು ಉಟ್ಟರೆ ಹೇಗೆ ಕಾಣುತ್ತದೆ ಎಂಬ ಚಿತ್ರ ಆರು ಬಣ್ಣಗಳಲ್ಲಿ ಬೇಕು, ರವಿವಾರ ಸಂಜೆಯೊಳಗೆ ಬೇಕು. ಮೆಚ್ಚಿದರೆ ಮದುವೆ ಹಂಗಾಮಿನ ಕೆಲಸವೆಲ್ಲ ಇವರ ಮನೆಯ ಮಗ್ಗಗಳಿಗೆ.

"ಇದ ತಪ್ಪಿತಂದ್ರ ನಾ ಮತ್ತ ಅದ ಅಂಗಡ್ಯಾಗ ಹೋಗಿ ಕುಂಡ್ರಬೇಕು" ಎಂದರು ಅಕ್ಕ. "ಹೋದ್ರ ಅವ್ರು ಬ್ಯಾಡ ಅನ್ನೂದಿಲ್ಲ. ಅದ ನನಗ ಭಾಳ ತ್ರಾಸ ಆಗ್ತೈತಿ."

ಅವರು ಅಳಲಿಲ್ಲ, ದನಿ ಏರಿಸಲೂ ಇಲ್ಲ. ಆದರೆ ಆ ಮಾತು ಕೇಳಿ ನನಗೆ ಹಟ ಹುಟ್ಟಿತು. ಅಂದು ಮಂಗಳವಾರ.

ಮೊದಲು ನನ್ನ ಬುದ್ಧಿವಂತಿಕೆ ತೋರಿಸಲು ಹೋದೆ. ಮಗ್ಗದ ಮನೆ ಎಂದರೆ ನೂಲಿನ ತುಪ್ಪಳ, ಅರಳೆಯಂಥ ಸಣ್ಣ ಪುಡಿ ಇಡೀ ದಿನ ಗಾಳಿಯಲ್ಲಿ ತೇಲುತ್ತಿರುತ್ತದೆ. ಫ್ಯಾನ್ ಇರುವ ಯಂತ್ರ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗಾದರೆ ಫ್ಯಾನೇ ಇಲ್ಲದ್ದನ್ನು ಕೊಡೋಣ ಎಂದುಕೊಂಡೆ. ಮೊಬೈಲ್ ಫೋನಿನ ಮನೆತನದಿಂದ ಲ್ಯಾಪ್‌ಟಾಪಿಗೆ ಬಂದ ಹೊಸ ಬಗೆಯ ಪ್ರೊಸೆಸರ್ ಒಂದಿದೆ. ನಾವು ಅದಕ್ಕೆ ಬೀಗರು ಎನ್ನುತ್ತೇವೆ. ತಣ್ಣಗಿರುತ್ತದೆ, ಬ್ಯಾಟರಿ ದಿನವಿಡೀ ಬರುತ್ತದೆ, ಸದ್ದಿಲ್ಲ. ನನ್ನ ಸ್ವಂತಕ್ಕೆ ಇಟ್ಟುಕೊಂಡಿದ್ದ ಅಂಥದ್ದೊಂದನ್ನು ತೆಗೆದು ಅಕ್ಕನ ಡಿಸೈನ್ ಸಾಫ್ಟ್‌ವೇರ್ ಹಾಕಿದೆ. ಅದು ತೆರೆಯಲೇ ಇಲ್ಲ. ಆ ಸಾಫ್ಟ್‌ವೇರಿಗೆ ಪೆನ್ ಡ್ರೈವಿನಂಥ ಒಂದು ಕೀಲಿ ಇದೆ, ತೆರೆಯುವಾಗ ಒಮ್ಮೆ ಅದನ್ನು ಚುಚ್ಚಿದರೆ ಸಾಕು, ಚುಚ್ಚದಿದ್ದರೆ ನಡೆಯುವುದಿಲ್ಲ. ಆ ಕೀಲಿಯನ್ನು ಗುರುತಿಸುವ ಡ್ರೈವರ್ ಈ ಜಾತಿಯ ಪ್ರೊಸೆಸರಿಗೆ ಇನ್ನೂ ಬಂದಿಲ್ಲ. ಅರ್ಧ ದಿನ ಗುದ್ದಾಡಿ ಬೀಗರನ್ನು ಮರ್ಯಾದೆಯಿಂದ ಒಳಗಿಟ್ಟೆ.

ಉಳಿದದ್ದು ಅಣ್ಣತಮ್ಮಂದಿರ ಜಗಳ. ಬಜಾರಿನ ದೊಡ್ಡ ಅಂಗಡಿಯ ಸಾವಕಾರರು ನನ್ನಿಂದ ತಮ್ಮ ರಿಪೇರಿಗಳನ್ನು ಮಾಡಿಸಿಕೊಳ್ಳುವವರು. ತೋರಿಸಲು ಇಟ್ಟ ಎರಡು ಲ್ಯಾಪ್‌ಟಾಪ್ ಕೇಳಿದೆ.

"ಶನಿವಾರ ಸಂಜಿಗಿ ಎರಡೂ ನನ್ನ ಟೇಬಲ್ ಮ್ಯಾಲ ಇರಬೇಕವ್ವಾ. ಬಿಚ್ಚೂದು ಗಿಚ್ಚೂದು ಮಾಡಬ್ಯಾಡ" ಎಂದು ಕೊಟ್ಟರು. ಒಂದೇ ಬೆಲೆಯ ಆಸುಪಾಸಿನವು, ಎರಡರಲ್ಲೂ ಅಷ್ಟೇ ಮೆಮೊರಿ, ಒಂದೇ ಬಗೆಯ ಡಿಸ್ಕ್. ಒಂದರಲ್ಲಿ ದೊಡ್ಡಪ್ಪ, ಇನ್ನೊಂದರಲ್ಲಿ ಕಾಕಾ.

ಹೋಲಿಸುವುದಕ್ಕೂ ಒಂದು ಪದ್ಧತಿ ಇದೆ. ಎರಡರಲ್ಲೂ ಅಪ್‌ಡೇಟ್ ಪೂರ್ತಿ ಮುಗಿಸಿ ಆಮೇಲೆ ನಿಲ್ಲಿಸಿದೆ. ವೈರಸ್ ಹುಡುಕುವ ಕೆಲಸ ನಡುವೆ ಎದ್ದು ಬರದಂತೆ ಮಾಡಿದೆ. ಎರಡೂ ಚಾರ್ಜರಿನ ಮೇಲೆ, ಎರಡೂ ಒಂದೇ ಪವರ್ ಮೋಡಿನಲ್ಲಿ. ಪ್ರತಿ ಪರೀಕ್ಷೆಯ ಮೊದಲು ರೀಸ್ಟಾರ್ಟ್ ಮಾಡಿ, ಯಂತ್ರ ತಣ್ಣಗಾಗುವ ತನಕ ಕಾಯ್ದು, ಮೂರು ಸಲ ಓಡಿಸಿ, ನಡುವಿನ ಫಲಿತಾಂಶ ಇಟ್ಟುಕೊಂಡೆ. ಅಂಕಿ ಕೊಡುವ ಪರೀಕ್ಷಾ ಸಾಫ್ಟ್‌ವೇರುಗಳನ್ನು ಮುಟ್ಟಲಿಲ್ಲ. ಸುಟ್ಟ ಕಂಪ್ಯೂಟರಿನ ಡಿಸ್ಕಿನಿಂದ ತೆಗೆದ ಅಕ್ಕನ ಸೆರಗಿನ ಫೈಲೇ ನನ್ನ ಪ್ರಶ್ನೆಪತ್ರಿಕೆ.

ದಿನನಿತ್ಯದ ಕೆಲಸದಲ್ಲಿ, ಅಂದರೆ ಲೆಕ್ಕ, ಬಿಲ್ಲು, ವ್ಯಾಪಾರಿಗೆ ಫೋಟೊ ಕಳಿಸುವುದು, ವೀಡಿಯೊ ಕರೆ ಇವುಗಳಲ್ಲಿ ಏನೂ ವ್ಯತ್ಯಾಸವಿಲ್ಲ. ಸ್ಟಿಕ್ಕರ್ ಮುಚ್ಚಿಟ್ಟರೆ ಯಾರದು ಯಾವುದೆಂದು ನನಗೂ ಹೇಳಲು ಬರುತ್ತಿರಲಿಲ್ಲ. ಇದಕ್ಕಾಗಿಯೇ ಜನ ಕೌಂಟರಿನಲ್ಲಿ ಜಗಳಾಡುತ್ತಾರಲ್ಲ ಎಂದು ನಗು ಬಂತು. ಡಿಸೈನಿನ ಕೆಲಸದಲ್ಲಿ ಮಾತ್ರ ಇಬ್ಬರೂ ಬೇರೆಯಾದರು. ಸೆರಗಿನಲ್ಲಿ ಬಂಧವಿಲ್ಲದೆ ಉದ್ದಕ್ಕೆ ತೇಲುವ ಎಳೆ ಇದ್ದರೆ ಉಟ್ಟವರ ಬಳೆಗೆ ಸಿಕ್ಕಿ ಹರಿಯುತ್ತದೆ. ಅಂಥ ಎಳೆಗಳನ್ನು ಹುಡುಕುವ ಕೆಲಸವನ್ನು ಪ್ರೊಸೆಸರಿನ ಒಂದೇ ಕೋರ್ ಮಾಡುತ್ತದೆ. ಅದರಲ್ಲಿ ದೊಡ್ಡಪ್ಪ ಮುಂದೆ. ಸೀರೆ ಉಟ್ಟಂತೆ ತೋರಿಸುವ ಚಿತ್ರ ತಯಾರಾಗಲು ಎಲ್ಲ ಕೋರುಗಳೂ ಬಹಳ ಹೊತ್ತು ಒಟ್ಟಿಗೆ ದುಡಿಯಬೇಕು. ಅದರಲ್ಲಿ ಕಾಕಾ ಮುಂದೆ, ಒಂದು ಚಿತ್ರಕ್ಕೆ ಸುಮಾರು ಒಂದು ತಾಸು. ಆರು ಚಿತ್ರ ಆಗಬೇಕಾದ್ದರಿಂದ ನನ್ನ ಮನಸ್ಸು ಕಾಕಾನ ಕಡೆ ವಾಲಿತು. ಆದರೂ ಮನೆಯಲ್ಲಿ ಒಮ್ಮೆ ನೋಡದೆ ಹೇಳಬಾರದೆಂದು ಗುರುವಾರ ಬೆಳಿಗ್ಗೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು ರಬಕವಿ ಬಸ್ ಹತ್ತಿದೆ.

ಮನೆಯ ಮುಂದಿನ ಅಂಕಣದಲ್ಲಿ ಮಗ್ಗಗಳು, ಅದರ ಬದಿಗೆ ಅಕ್ಕನ ಮೇಜು. ಅಕ್ಕನ ಅತ್ತೆ ಒಂದು ಮಗ್ಗ ನೋಡಿಕೊಳ್ಳುತ್ತಿದ್ದರು. ಮಗ್ಗ ನಡೆಯುವಾಗ ಮಾತು ಕೇಳಿಸುವುದಿಲ್ಲ, ಆದರೂ ಅವರು ಕೈಯಲ್ಲೇ ಕೂರು ಎಂದು ಹೇಳಿ, ಬಾಯಲ್ಲಿ ಯಾವೂರು ಎಂದು ಕೇಳಿದರು. ಬೀಳಗಿ ಎಂದೆ.

"ನಮ್ಮ ತಂಗೀನ ಬೀಳಗಿಗಿ ಕೊಟ್ಟೇವಿ. ಹಂಗಾರ ನೀ ನಮ್ಮಾಕಿ" ಎಂದರು. ಆಮೇಲೆ ನನಗೆ ಚಹಾ, ಅವಲಕ್ಕಿ, ಮಧ್ಯಾಹ್ನ ರೊಟ್ಟಿ, ಬೇಡವೆಂದರೂ ಎಲ್ಲವೂ ಬಂದವು.

ಎರಡೂ ಯಂತ್ರಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಚಿತ್ರದ ಕೆಲಸ ಹಚ್ಚಿದೆ. ಬೆಳಗಿನದು ಜಮಖಂಡಿಯ ಹಾಗೇ ಬಂತು. ಮಧ್ಯಾಹ್ನದ್ದು ಬಂದಾಗ ನನಗೆ ನಂಬಿಕೆ ಆಗಲಿಲ್ಲ. ದೊಡ್ಡಪ್ಪ ತನ್ನ ಹೊತ್ತಿಗೆ ಮುಗಿಸಿದ್ದ. ಕಾಕಾ ಎರಡರಷ್ಟು ಸಮಯ ತಗೊಂಡಿದ್ದ. ಮತ್ತೆ ಹಚ್ಚಿ ಎದುರೇ ಕುಳಿತು ನೋಡಿದೆ, ಸರಿಯಾಗಿ ಬಂತು. ಚಹಾ ಕುಡಿಯಲು ಒಳಗೆ ಹೋಗಿ ಬಂದೆ, ಮತ್ತೆ ತಡ. ನಾನು ಕಾಯುತ್ತ ಕುಳಿತರೆ ಓಡುತ್ತದೆ, ಎದ್ದು ಹೋದರೆ ಕುಂಟುತ್ತದೆ. ಸಾಲೆಯ ಹುಡುಗರ ಬುದ್ಧಿ ಇದಕ್ಕೆ ಎಲ್ಲಿಂದ ಬಂತು ಎಂದು ಅಕ್ಕ ನಕ್ಕರು. ನನಗೆ ನಗು ಬರಲಿಲ್ಲ.

ಶುಕ್ರವಾರ ಪೂರ್ತಿ ಇದಕ್ಕೇ ಹೋಯಿತು. ಚಾರ್ಜರ್ ಬದಲಿಸಿದೆ. ಬೇರೆ ಪ್ಲಗ್ಗಿಗೆ ಹಾಕಿದೆ. ಮಗ್ಗದ ಮೋಟಾರ್ ಒಂದೇ ಲೈನಿನಲ್ಲಿದ್ದುದರಿಂದ ವೋಲ್ಟೇಜ್ ಏರಿಳಿಯುತ್ತಿರಬಹುದೆಂದು ಪಕ್ಕದ ಮನೆಯಿಂದ ಸ್ಟೆಬಿಲೈಸರ್ ತಂದು ನಡುವೆ ಇಟ್ಟೆ. ಹಿಂದೆ ಕದ್ದು ನಡೆಯುವ ಪ್ರೋಗ್ರಾಮ್ ಇದೆಯೇ ಎಂದು ಹುಡುಕಿದೆ, ಇರಲಿಲ್ಲ. ಒಳಗಿನ ಬಿಸಿ ಮತ್ತು ವೇಗವನ್ನು ಕ್ಷಣಕ್ಷಣಕ್ಕೂ ಬರೆದಿಡುವ ಒಂದು ಪ್ರೋಗ್ರಾಮನ್ನು ಎರಡಕ್ಕೂ ಹಚ್ಚಿದೆ. ಸಂಜೆ ಅದರ ಗೆರೆ ನೋಡಿದರೆ ಕಾಕಾನ ಬಿಸಿ ಊಟದ ಹೊತ್ತಿಗೆ ಗೋಡೆ ಹತ್ತಿದ ಹಾಗೆ ಮೇಲೆ ಹೋಗಿ ಅಲ್ಲೇ ನಿಂತಿತ್ತು, ವೇಗ ಅರ್ಧಕ್ಕೆ ಇಳಿದಿತ್ತು. ಊಟ ಮುಗಿದ ಹೊತ್ತಿಗೆ ಮತ್ತೆ ಸರಿಯಾಗಿತ್ತು. ಪ್ರೊಸೆಸರ್ ಸುಟ್ಟುಹೋಗಬಾರದೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದು ತಪ್ಪಲ್ಲ. ಆದರೆ ಅಷ್ಟು ಬಿಸಿ ಯಾಕೆ?

ನಾನೊಂದು ಸಿದ್ಧಾಂತ ಕಟ್ಟಿದೆ. ಊಟಕ್ಕೆ ಮಗ್ಗ ನಿಲ್ಲುತ್ತವೆ, ಮಗ್ಗ ನಿಂತರೆ ವೋಲ್ಟೇಜ್ ಏರುತ್ತದೆ, ಏರಿದ್ದಕ್ಕೆ ಕಾಕಾನ ಯಂತ್ರ ಬಿಸಿಯಾಗುತ್ತದೆ. ಸ್ಟೆಬಿಲೈಸರ್ ನಡುವೆ ಇದ್ದಾಗ ಇದು ಹೇಗೆ ಸಾಧ್ಯವೆಂದು ನನಗೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಬಹಳ ಗಂಭೀರವಾಗಿ ಅಕ್ಕನಿಗೆ ವಿವರಿಸಿದೆ. ಅವರು ತಲೆಯಾಡಿಸಿ, "ಹಂಗಾರ ದೊಡ್ಡಪ್ಪಂದ ತಗೊಳ್ಳೂದು ಅಂತೀಯೇನು?" ಎಂದರು. ನಾಳೆ ಒಂದು ದಿನ ಕೊಡಿ ಎಂದೆ. ಅವರ ಮುಖದಲ್ಲಿ ದಿನ ಕಳೆದುಹೋಗುತ್ತಿರುವ ಹೆದರಿಕೆ ಕಾಣುತ್ತಿತ್ತು.

ಶನಿವಾರ ಊಟಕ್ಕೆ ಒಳಗೆ ಕುಳಿತಿದ್ದೆ. ಮೊಬೈಲ್ ಹೊರಗೆ ಮೇಜಿನ ಮೇಲೇ ಉಳಿದಿದೆ ಎಂದು ನೆನಪಾಗಿ ಎದ್ದು ಬಂದೆ. ಮಗ್ಗಗಳು ನಿಂತಿದ್ದವು. ಪ್ರತಿ ಮಗ್ಗದ ಮೇಲೂ ಒಂದೊಂದು ಬಟ್ಟೆ ಹೊದಿಸಿತ್ತು. ಮೇಜಿನ ಮೇಲೆ ನನ್ನ ಎರಡು ಲ್ಯಾಪ್‌ಟಾಪುಗಳ ಮೇಲೂ ಮಡಿ ಮಾಡಿದ ಒಂದೊಂದು ಟವೆಲ್, ಪರದೆಯ ನೆತ್ತಿಯ ಮೇಲಿಂದ ಮುಂದೆ ಹಿಂದೆ ಇಳಿಬಿಟ್ಟಿತ್ತು. ಒಳಗೆ ಎರಡರ ಫ್ಯಾನುಗಳೂ ಬುಸುಗುಡುತ್ತಿದ್ದವು.

ನನ್ನ ಹಿಂದೆಯೇ ಅತ್ತೆ ಬಂದರು. "ಯಾಕವ್ವಾ, ಏನಾತು?"

"ಇದನ್ನ ಯಾರು ಹೊಚ್ಚಿದ್ರು ಅಮ್ಮಾರ?"

"ನಾನ. ಕೆಲಸ ಬಿಟ್ಟು ಎದ್ರ ಮ್ಯಾಲ ಹೊಚ್ಚಬೇಕಲ್ಲ, ತುಪ್ಪಳ ಕೂಡ್ತೈತಿ. ನಮ್ಮತ್ತಿ ನನಗ ಹಂಗ ಕಲಿಸ್ಯಾಳ. ಮತ್ತ ಬಂದು ಕುಂಡ್ರೂ ಮುಂದ ತಗದಿಡ್ತೇನಿ. ಒಂದಕ್ಕ ಹೊಚ್ಚಿ ಒಂದಕ್ಕ ಬಿಟ್ಟಿಲ್ಲವ್ವಾ, ಎರಡಕ್ಕೂ ಹೊಚ್ಚೇನಿ."

ಅಲ್ಲೇ ನೆಲದ ಮೇಲೆ ಕುಳಿತು ನಕ್ಕುಬಿಟ್ಟೆ. ಎರಡು ದಿನ ಸ್ಟೆಬಿಲೈಸರ್ ಹೊತ್ತು ತಿರುಗಿದ ಸಿಟ್ಟೆಲ್ಲ ನಗುವಾಗಿ ಬಂತು. ವಿಷಯ ಸರಳವಾಗಿತ್ತು. ದೊಡ್ಡಪ್ಪನ ಯಂತ್ರ ಬಿಸಿ ಗಾಳಿಯನ್ನು ಎರಡು ಬದಿಯಿಂದ ಹೊರಗೆ ಬಿಡುತ್ತದೆ. ಟವೆಲ್ಲಿನ ಬದಿಗಳು ತೆರೆದಿದ್ದವು, ಅದಕ್ಕೆ ತೊಂದರೆಯಾಗಲಿಲ್ಲ. ಕಾಕಾನ ಯಂತ್ರದ್ದು ಹಿಂದಿನಿಂದ, ಪರದೆಯ ಬುಡದಿಂದ. ಟವೆಲ್ ಸರಿಯಾಗಿ ಅದರ ಮೂಗು ಮುಚ್ಚಿತ್ತು. ಪ್ರೊಸೆಸರ್ ಯಾರದು ಎಂಬುದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಪ್ರೊಸೆಸರ್ ಕೂತ ಡಬ್ಬಿಯ ತೂತು ಎಲ್ಲಿದೆ ಎಂಬುದಷ್ಟೇ ವ್ಯತ್ಯಾಸ.

ಅಕ್ಕ ನಗಲಿಲ್ಲ. "ಅತ್ತೀ, ನಾಳಿ ಸಂಜಿಗಿ ಚಿತ್ರ ಕೊಡಬೇಕು ನಾ. ಎರಡು ದಿನ ಹಾಳಾತಲ್ರಿ. ಕೇಳಿ ಮಾಡಬಾರ್ದೇನ್ರಿ?" ಎಂದರು. ಅತ್ತೆ ಎರಡೂ ಟವೆಲ್ ತೆಗೆದು ಮಡಚಿ ಎದೆಗೆ ಹಿಡಿದುಕೊಂಡು ಒಳಗೆ ಹೋದರು. ಅವರ ಬೆನ್ನು ನೋಡಿ ನನಗೆ ಸಂಕಟವಾಯಿತು.

ಈಗ ಸುಲಭದ ದಾರಿ ಎದುರಿಗಿತ್ತು. ಟವೆಲ್ ಹಾಕಬೇಡಿ, ಕಾಕಾ ಒಳ್ಳೆಯದು ಎಂದು ಹೇಳಿ ಬಸ್ ಹತ್ತಬಹುದಿತ್ತು. ಆದರೆ ಕಾಕಾನ ಯಂತ್ರವನ್ನು ಎತ್ತಿ ತಳದ ಜಾಲರಿಯ ಮೇಲೆ ಬೆರಳು ಆಡಿಸಿದೆ. ಮೂರೇ ದಿನಕ್ಕೆ ಬೂದು ಬಣ್ಣದ ತುಪ್ಪಳ ಚಾಪೆಯ ಹಾಗೆ ಕೂತಿತ್ತು. ಹೊದಿಸದೆ ಬಿಟ್ಟರೆ ಒಂದೆರಡು ತಿಂಗಳಲ್ಲಿ ಯಾವ ಟವೆಲ್ಲೂ ಇಲ್ಲದೆ ಇದು ತಾನಾಗಿಯೇ ಉಸಿರುಗಟ್ಟುತ್ತದೆ. ಹೊದಿಸಿದರೆ ಇಂದೇ ಉಸಿರುಗಟ್ಟುತ್ತದೆ. ಅತ್ತೆಯದು ತಪ್ಪಲ್ಲ, ಜಮಖಂಡಿಯ ಫ್ಯಾನಿನ ಕೆಳಗೆ ನಾನು ಮಾಡಿದ ಪರೀಕ್ಷೆಯೂ ತಪ್ಪಲ್ಲ. ಎರಡೂ ಒಂದಕ್ಕೊಂದು ಭೇಟಿಯಾಗಿರಲಿಲ್ಲ, ಅಷ್ಟೇ. ಇಷ್ಟು ಹೊತ್ತು ನಾನು ಯಾವುದು ವೇಗ ಎಂದು ಕೇಳುತ್ತಿದ್ದೆ. ಈ ಮನೆಗೆ ಬೇಕಾದದ್ದು ಕಡಿಮೆ ಬಿಸಿಯಲ್ಲಿ ಹೆಚ್ಚು ಕೆಲಸ ಮಾಡುವುದು. ಬಿಸಿ ಕಡಿಮೆಯಾದರೆ ಫ್ಯಾನ್ ನಿಧಾನ ತಿರುಗುತ್ತದೆ, ಫ್ಯಾನ್ ನಿಧಾನವಾದರೆ ತುಪ್ಪಳ ಕಡಿಮೆ ಎಳೆಯುತ್ತದೆ.

ಊಟ ಅರ್ಧಕ್ಕೇ ಬಿಟ್ಟು ಹೊಸ ಪರೀಕ್ಷೆ ಶುರು ಮಾಡಿದೆ. ಪ್ರೊಸೆಸರ್ ಎಷ್ಟು ವಿದ್ಯುತ್ ಉಣ್ಣಬಹುದು ಎಂಬುದಕ್ಕೆ ಮಿತಿ ಹಾಕಲು ಬರುತ್ತದೆ. ಎರಡಕ್ಕೂ ಒಂದೇ ಮಿತಿ, ಮೊದಲಿನ ಸುಮಾರು ಅರ್ಧ. ಈ ಸಲ ಇಡೀ ಚಿತ್ರದ ಬದಲು ಅದರ ಒಂದು ತುಂಡನ್ನು ಹಚ್ಚಿದೆ. ಒಳಗೆ ಹೋಗಿ ಅತ್ತೆಯನ್ನು ಕರೆದೆ.

"ಅಮ್ಮಾರ, ಆ ಟವೆಲ್ ತರ್ರಿ. ನೀವು ದಿನಾ ಹೆಂಗ ಹೊಚ್ತೀರೋ ಹಂಗ ಹೊಚ್ರಿ."

ಅವರು ಸೊಸೆಯ ಮುಖ ನೋಡಿದರು. "ಬ್ಯಾಡವ್ವಾ, ನಾ ಮುಟ್ಟೂದಿಲ್ಲ ಇನ್ನ."

"ನೀವ ಹೊಚ್ಚಬೇಕು. ಪರೀಕ್ಷಾ ನಡಿಯಾಕತ್ತೈತಿ."

ಹೊದಿಸಿದರು. ನಾವು ಮೂವರೂ ಎದುರು ಕುಳಿತು ಕಾಯ್ದೆವು. ಅರ್ಧ ವಿದ್ಯುತ್ತಿನ ಊಟಕ್ಕೆ ದೊಡ್ಡಪ್ಪ ಬಹಳ ಸೊರಗಿದ, ಚಿತ್ರದ ಕೆಲಸ ತುಂಬಾ ಎಳೆಯಿತು. ಎಳೆ ಹುಡುಕುವ ಕೆಲಸದಲ್ಲಿ ಮಾತ್ರ ಆಗಲೂ ಅವನೇ ಮುಂದಿದ್ದ. ಕಾಕಾ ಅರ್ಧ ಊಟದಲ್ಲೂ ಮುಕ್ಕಾಲು ಕೆಲಸಕ್ಕಿಂತ ಹೆಚ್ಚು ಮಾಡಿದ. ಮೂಗು ಮುಚ್ಚಿದ್ದರೂ ಬಿಸಿ ಅಪಾಯದ ಗೆರೆ ದಾಟಲಿಲ್ಲ, ಆದರೆ ಗೆರೆಯ ಹತ್ತಿರಕ್ಕೆ ಬಂದು ನಿಂತಿತು. ಇದು ಆ ಎರಡು ಮಾದರಿಗಳ ಮಾತು. ಮುಂದಿನ ವರ್ಷ ಹೊಸವು ಬಂದಾಗ ಅದಲುಬದಲಾಗಲೂಬಹುದು, ಆಗ ಮತ್ತೆ ಹೀಗೇ ಕುಳಿತು ನೋಡಬೇಕು.

ಉತ್ತರ ಸಿಕ್ಕಿತ್ತು. ಪ್ರೊಸೆಸರ್ ಕಾಕಾನದು, ಡಬ್ಬಿ ಮಾತ್ರ ಬದಿಯಿಂದ ಗಾಳಿ ಬಿಡುವಂಥದ್ದು. ಯಾವಾಗಲೋ ಒಮ್ಮೆ ಯಾರೋ ಟವೆಲ್ ಎಸೆದೇ ಎಸೆಯುತ್ತಾರೆ, ಅದಕ್ಕೂ ತಯಾರಿರಬೇಕು. ಸಾವಕಾರರಿಗೆ ಫೋನ್ ಹಚ್ಚಿದೆ.

"ಅಲ್ಲೆ ಕೈಯಾಗ ಐತಲ್ಲವ್ವಾ, ಅದನ್ನ ತಗೊಂಡು ಬಿಡ್ರಿ. ತೂತು ಹಿಂದಿದ್ರೇನು, ಬಾಜೂಕ್ಕಿದ್ರೇನು?"

"ಹಿಂದಿದ್ರ ನಡಿಯೂದಿಲ್ರೀ ಸಾವಕಾರ್ರ. ಅದ ಪ್ರೊಸೆಸರ್, ಬ್ಯಾರೆ ಡಬ್ಬಿ ಬೇಕು. ಇಲ್ಲಂದ್ರ ಇಲ್ಲಂತ ಹೇಳ್ರಿ, ನಾ ಬ್ಯಾರೆ ಕಡೆ ಕೇಳ್ತೇನಿ."

ಅವರು ನನ್ನ ಮೊಂಡುತನ ಬಲ್ಲವರು. ಹತ್ತು ಕಡೆ ಕೇಳಿ, ಮುಧೋಳದ ಅವರ ಪರಿಚಯದ ಅಂಗಡಿಯಲ್ಲಿ ಒಂದೇ ಒಂದು ಇದೆ ಎಂದು ಹೇಳಿದರು. ಅಕ್ಕ ತಮ್ಮ ಯಜಮಾನರ ಕೈಯಲ್ಲಿ ಎರಡೂ ಲ್ಯಾಪ್‌ಟಾಪ್ ಜಮಖಂಡಿಗೆ ಕಳಿಸಿದರು. ನಾನೂ ಅಕ್ಕನೂ ಮಹಾಲಿಂಗಪುರದ ಮೇಲಿಂದ ಮುಧೋಳಕ್ಕೆ ಹೋದೆವು. ಹೋಗುವುದೇನೋ ಹೋದೆವು. ಬರುವಾಗ ಸಮೀರವಾಡಿ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಸಾಲು. ಬಸ್ಸು ಎಮ್ಮೆಯ ಹಾಗೆ ಅವುಗಳ ಹಿಂದೆ ಹೆಜ್ಜೆ ಹಾಕಿತು. ಅಕ್ಕ ಹೊಸ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು.

"ನೀ ತಪ್ಪಿದ್ರೂ ನಾ ನಿನಗ ಏನೂ ಅನ್ನೂದಿಲ್ಲ ತಂಗಿ" ಎಂದರು ಒಮ್ಮೆ.

"ತಪ್ಪೂದಿಲ್ಲ" ಎಂದೆ. ಅಷ್ಟು ಖಾತ್ರಿ ನನಗೂ ಇರಲಿಲ್ಲ.

ರವಿವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಕ್ಕ ಆರೂ ಬಣ್ಣದ ಫೈಲುಗಳನ್ನು ಜೋಡಿಸಿದ್ದರು. ತೇಲುವ ಎಳೆಗಳನ್ನು ಮತ್ತೊಮ್ಮೆ ಹುಡುಕಿ ಕಟ್ಟಿದ್ದರು. ನಾನು ವಿದ್ಯುತ್ತಿನ ಮಿತಿ ಹಾಕಿ, ಮೊದಲ ಚಿತ್ರ ಹಚ್ಚಿದೆ. ಅತ್ತೆ ದೂರ ನಿಂತಿದ್ದರು. ತುಪ್ಪಳಕ್ಕೆ ಏನಾದರೂ ಮಾಡಬೇಕಲ್ಲ ಅಮ್ಮಾರ, ಮೈಮೇಲೆ ಹೊಚ್ಚದೆ ಹೇಗೆ ಮಾಡೋಣ ಎಂದು ಕೇಳಿದೆ. ಅವರು ತಲೆಯೆತ್ತಿ ಮೇಲೆ ನೋಡಿದರು.

"ಮ್ಯಾಲ ಕಟ್ಟೂನೇನು? ಮದಿವ್ಯಾಗ ಹಂದರದಾಗ ಮೇಲ್ಕಟ್ಟು ಕಟ್ಟತಾರಲ್ಲ, ಹಂಗ."

ಒಂದು ಹಳೆಯ ತೆಳು ಸೀರೆಯನ್ನು ತಂದು ನಾಲ್ಕು ಮೂಲೆಗೆ ದಾರ ಕಟ್ಟಿ, ಗೋಡೆಯ ಮೊಳೆಗೂ ಕಿಟಕಿಯ ಸರಳಿಗೂ ಬಿಗಿದೆವು. ಮೇಜಿನ ಮೇಲೆ ಚಪ್ಪರವಾಯಿತು. ಮೇಲಿಂದ ಬೀಳುವುದು ಸೀರೆಯ ಮೇಲೆ ಬೀಳುತ್ತದೆ, ನಾಲ್ಕೂ ಕಡೆ ಗಾಳಿ ಆಡುತ್ತದೆ. ಇದು ನನಗೆ ಹೊಳೆದಿರಲಿಲ್ಲ, ಬಹಳ ಖುಷಿಯಾಯಿತು. ಅಕ್ಕ ಅತ್ತೆಯ ಕೈಯಿಂದ ದಾರದ ತುದಿ ತಗೊಂಡು, "ಅದನ್ನ ನಾ ಕಟ್ತೇನಿ, ನಿಮಗ ಮ್ಯಾಲ ನಿಲುಕೂದಿಲ್ಲ" ಎಂದರು. ಅವರಿಬ್ಬರ ನಡುವೆ ಹಿಂದಿನ ದಿನದಿಂದ ಅದೇ ಮೊದಲ ಮಾತು.

ನಾಲ್ಕು ಚಿತ್ರ ಸರಾಗವಾಗಿ ಬಂದವು. ಐದನೆಯದು ನಡೆಯುವಾಗ ಓಣಿಯ ಕರೆಂಟ್ ಹೋಯಿತು. ಮಗ್ಗಗಳ ಸದ್ದು ನಿಂತು ಇಡೀ ಓಣಿ ಕಿವುಡಾದಂತಾಯಿತು. ಅಕ್ಕನ ಯಜಮಾನರು ಹೊರಗೆ ಹೋಗಿ ಕೇಳಿ ಬಂದರು. ಎಲ್ಲೋ ಕಂಬದ ಕೆಲಸ, ಯಾವಾಗ ಬರುತ್ತದೋ ಹೇಳಲು ಬರುವುದಿಲ್ಲ. ಹೊಸ ಬ್ಯಾಟರಿ ತುಂಬಿತ್ತು, ಆದರೆ ಇಂಥ ಕೆಲಸಕ್ಕೆ ತುಂಬಿದ ಬ್ಯಾಟರಿಯೂ ಬೇಗ ಖಾಲಿಯಾಗುತ್ತದೆ. ಇಳಿಯುವ ವೇಗ ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಐದನೆಯದು ಮುಗಿಯುತ್ತದೆ. ಆರನೆಯದು ಅರ್ಧದಲ್ಲಿ ನಿಲ್ಲುತ್ತದೆ.

"ಐದ ಕಳಿಸಿದ್ರ?" ಎಂದೆ.

"ಆರಕ್ಕ ಒಂದೂ ಕಡಿಮಿ ಆಗಬಾರ್ದು ಅಂದಾನ" ಎಂದರು ಅಕ್ಕ.

ಆಗ ನಾನು ಒಂದು ನಿರ್ಧಾರ ಮಾಡಿದೆ. ವಿದ್ಯುತ್ತಿನ ಮಿತಿಯನ್ನು ಇನ್ನೂ ಕೆಳಗೆ ಇಳಿಸಿದೆ. ಯಂತ್ರ ಇನ್ನಷ್ಟು ನಿಧಾನವಾಗುತ್ತದೆ. ಅಕ್ಕನ ಕಣ್ಣು ದೊಡ್ಡವಾದವು. ಇರುವುದೇ ಕಡಿಮೆ ಹೊತ್ತು, ಅದರಲ್ಲಿ ನಿಧಾನ ಮಾಡುತ್ತಾಳಲ್ಲ ಎಂದು ಅವರಿಗೆ ಅನಿಸಿರಬೇಕು. ಪ್ರೊಸೆಸರ್ ಓಡಿದಷ್ಟೂ ಅದೇ ಕೆಲಸಕ್ಕೆ ಹೆಚ್ಚು ಉಣ್ಣುತ್ತದೆ, ನಡೆದರೆ ಕಡಿಮೆಯಲ್ಲಿ ಮುಗಿಸುತ್ತದೆ ಎಂದು ಹೇಳಿದೆ. ಶನಿವಾರದ ಪರೀಕ್ಷೆಯಲ್ಲಿ ಕಾಕಾನ ಈ ಗುಣವನ್ನು ಕಣ್ಣಾರೆ ಕಂಡಿದ್ದೆ, ಆದರೆ ಇಷ್ಟು ಕೆಳಗೆ ಇಳಿಸಿ ನೋಡಿರಲಿಲ್ಲ. ಸಮಯ ಮೀರಬಹುದು, ಬ್ಯಾಟರಿ ಉಳಿಯಬಹುದು. ಎರಡರಲ್ಲಿ ಒಂದನ್ನು ಆಯ್ದುಕೊಳ್ಳಬೇಕಿತ್ತು. ನೆಟ್ ಆರಿಸಿದೆ, ಪರದೆ ಆರಿಸಿದೆ. ಈಗ ಒಳಗೆ ಏನು ನಡೆಯುತ್ತಿದೆ ಎಂದು ನೋಡಲೂ ಬರುತ್ತಿರಲಿಲ್ಲ, ಅದರ ಬೆನ್ನ ಮೇಲೆ ಕೈಯಿಟ್ಟರೆ ಉಗುರುಬೆಚ್ಚಗೆ ಇತ್ತು ಅಷ್ಟೇ.

ಕರೆಂಟ್ ಬರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೆಲಸವಿಲ್ಲದ ನೇಕಾರರು ಮಾತಾಡುತ್ತಿದ್ದರು. ಅತ್ತೆ ಮೇಲ್ಕಟ್ಟಿನ ಕೆಳಗೆ ಬಂದು ಕುಳಿತು, ನನ್ನ ಹಾಗೇ ಯಂತ್ರದ ಮೇಲೆ ಕೈಯಿಟ್ಟು ನೋಡಿದರು. "ಇನ್ನೂ ಜೀವ ಐತಿ" ಎಂದರು. ಸಂಜೆಯ ಬಿಸಿಲು ಕಿಟಕಿಯಿಂದ ಸರಿಯುತ್ತಿದ್ದಾಗ ಪರದೆ ಹಚ್ಚಿದೆ. ಆರನೇ ಚಿತ್ರ ಮುಗಿದು ಕುಳಿತಿತ್ತು. ಬ್ಯಾಟರಿಯ ಗುರುತು ಕೆಂಪಾಗಿತ್ತು. ಅಕ್ಕನ ಮೊಬೈಲಿನ ನೆಟ್ ಕೂಡಿಸಿ ಆರನ್ನೂ ಕಳಿಸಿದೆವು. ಕಳಿಸಿದ್ದು ತಲುಪಿತು ಎಂಬ ಗುರುತು ಬಂದ ಮೇಲೆ ಯಂತ್ರ ತಾನೇ ಆರಿತು.

ಸೋಮವಾರ ಬೆಳಿಗ್ಗೆ ಆ ಮಿತಿಗಳನ್ನು ಕಾಯಂ ಮಾಡಿ ಕೊಡಲು ಹೋಗಿದ್ದಾಗ ವ್ಯಾಪಾರಿಯ ಫೋನ್ ಬಂತು. ಕರೆಂಟ್ ಬಂದಿತ್ತು. ಅಕ್ಕ ಕೈ ಎತ್ತಿ ಮಗ್ಗ ನಿಲ್ಲಿಸಲು ಹೇಳಿ ಫೋನನ್ನು ಸ್ಪೀಕರಿಗೆ ಹಾಕಿದರು.

"ಚಿತ್ರ ನೋಡಿದೆ. ನಾಲ್ಕು ಬಣ್ಣ ಪಕ್ಕಾ ಮಾಡೇನಿ, ಮಗ್ಗಕ್ಕ ಹಾಕ್ರಿ. ಹಂಗಾಮು ಮುಗಿಯೂತನಕ ಬ್ಯಾರೆ ಯಾರ್ದೂ ಹಿಡೀಬ್ಯಾಡ್ರಿ" ಎಂದಿತು ಆ ಕಡೆಯ ದನಿ. "ಮತ್ತ, ಸೀರಿ ಪೆಟ್ಟಿಗಿ ಮ್ಯಾಲ ಡಿಸೈನ್ ಯಾರ್ದಂತ ಹಾಕಬೇಕಾಗ್ತೈತಿ. ಮೊದಲ ನೀವಿದ್ದ ಅಂಗಡಿ ಮಾಲಕರ ಹೆಸರ ಹಾಕಲ್ಯಾ? ಪೇಟ್ಯಾಗ ಆ ಹೆಸರು ನಡೀತೈತಿ."

ಅಕ್ಕ ಬಾಯಿ ತೆರೆದರು. ಅಷ್ಟು ವರ್ಷ ಆ ಹೆಸರಿನ ಹಿಂದೆ ಕುಳಿತು ಬರೆದವರಿಗೆ ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುವುದು ಹೇಗೆಂದು ಗೊತ್ತಿರಲಿಲ್ಲ. ನಾನು ಹೇಳಬೇಕೆಂದು ಮುಂದೆ ಬಗ್ಗಿದೆ. ಅಷ್ಟರಲ್ಲಿ ಅತ್ತೆ ಮಗ್ಗದ ಕಡೆಯಿಂದ ಎದ್ದು ಬಂದು, ಸೆರಗಿನಿಂದ ಕೈ ಒರೆಸಿಕೊಂಡು, ಫೋನನ್ನು ಸೊಸೆಯ ಕೈಯಿಂದ ತಗೊಂಡರು.

"ಬರಕೋರಿ" ಎಂದರು. ಸೊಸೆಯ ಹೆಸರು ಹೇಳಿದರು.

ಸರಿಯಾಗಿ ಕೇಳಿಸಲಿಲ್ಲವೋ ಏನೋ, ಆತ ಯಾರು ಎಂದು ಮತ್ತೆ ಕೇಳಿದ. ಅತ್ತೆ ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ, ಅದೇ ಹೆಸರನ್ನು ಮತ್ತೊಮ್ಮೆ ಹೇಳಿದರು.